ಯೆಜ್ಡಿಯ ಕೆಂಪು ದೀಪ ಆರಿದ್ದು ಹೀಗೆ

ಹರಿಹರದಿಂದ ದಾವಣಗೆರೆಗೆ ರಾತ್ರಿ ಬರುವಾಗ ಅಪ್ಪನ ಹಳೆ ಯೆಜ್ಡಿ ಬೈಕಿನ ಹೆಡ್‌ಲೈಟು ಬುಡ್ಡಿ ದೀಪದಂತಾಯಿತು. ರೇಸ್ ಮಾಡಿದರೂ ಚಾರ್ಜಿಂಗಿನ ಕೆಂಪು ದೀಪ ಆರಲಿಲ್ಲ. ದುಡುಕಿ ಹೊಸ ಬ್ಯಾಟರಿ ತಂದೆ. ಎರಡೇ ದಿನಕ್ಕೆ ಅದೂ ಮಲಗಿತು.

ಮೊದಲೇ ವೋಲ್ಟ್ ಮೀಟರ್ ಹಿಡಿದಿದ್ದರೆ ದುಡ್ಡು ಉಳಿಯುತ್ತಿತ್ತು. 6 ವೋಲ್ಟ್ ಬ್ಯಾಟರಿ, ಎಂಜಿನ್ ಎಷ್ಟೇ ಕೂಗಿದರೂ 6.1ರಿಂದ ಮೇಲೇಳಲಿಲ್ಲ. ಬಲಗಡೆಯ ಕವರ್ ಬಿಚ್ಚಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ನೋಡಿದೆ. ಕರೆಂಟು ಹೊರತೆಗೆಯುವ ಒಂದು ಕಾರ್ಬನ್ ಬ್ರಷ್ ಮಸಿ ಮೆತ್ತಿಕೊಂಡು ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಸ್ಪ್ರಿಂಗ್ ಒತ್ತುತ್ತಿದ್ದರೂ ಅದು ಕಮ್ಯುಟೇಟರನ್ನು, ಅಂದರೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆಯನ್ನು, ಮುಟ್ಟುತ್ತಿರಲಿಲ್ಲ. ಗೂಡನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಆ ತಾಮ್ರದ ಪಟ್ಟಿಗಳನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆ (ಎಮರಿ ಕಾಗದ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ). ಪಟ್ಟಿಗಳ ಸಂದಿಯ ಮಸಿಯನ್ನು ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕೆರೆದೆ.

ಈಗ ಮೀಟರಿನಲ್ಲಿ 7.1 ವೋಲ್ಟ್. ದೀಪ ಆರಿತು. ಅಪ್ಪ ಹೊರಗೆ ಬಂದು, "ಹಾರ್ನ್ ಹೊಡಿ ನೋಡಾಣ" ಅಂದರು.