ಇಂಟರ್ನೆಟ್ ಇಲ್ಲದ ಮನೆಗೊಂದು ಹಾಡಿನ ಡಬ್ಬ ಮಾಡ್ಕೊಳ್ಳೋದು ಹೇಗೆ

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ವೈಫೈ ಬೇರೆ ಇಂಟರ್ನೆಟ್ ಬೇರೆ. ತುಂಬಾ ಜನ ಎರಡೂ ಒಂದೇ ಅಂದ್ಕೊಂಡು "ನಮ್ಮನೇಲಿ ವೈಫೈ ಇಲ್ಲ, ಇದೆಲ್ಲ ನಮಗಲ್ಲ" ಅಂತ ಸುಮ್ನಾಗ್ತಾರೆ. ಹಾಡು ಮನೆ ಒಳಗೇ ಒಂದು ಪೆನ್‌ಡ್ರೈವಲ್ಲಿ ಇದ್ರೆ ಅದನ್ನ ಜಗುಲಿಯಿಂದ ಅಡುಗೆಮನೆಗೆ ಕಳಿಸೋಕೆ ಇಂಟರ್ನೆಟ್ ಯಾಕೆ ಬೇಕು ಹೇಳಿ, ಬೇಕಿರೋದು ಎರಡು ಮೆಷಿನ್ ಮಧ್ಯೆ ಒಂದು ರೇಡಿಯೋ ಲಿಂಕು ಅಷ್ಟೇ, ಆ ಲಿಂಕನ್ನ ನಮ್ಮ ಡಬ್ಬಾನೇ, ಅಂದ್ರೆ ಫೋನಿಂದ ಹಾಡು ಆರಿಸಿದ್ರೆ ಸ್ಪೀಕರಲ್ಲಿ ನುಡಿಸೋ ಒಂದು ಪುಟ್ಟ ಕಂಪ್ಯೂಟರೇ ಸೃಷ್ಟಿ ಮಾಡತ್ತೆ. ರೀಚಾರ್ಜ್ ಬೇಡ, ಟವರ್ ಬೇಡ, ತಿಂಗಳ ಬಾಡಿಗೆ ಬೇಡ.

ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರ ಕಡೆ ಒಳ ಊರುಗಳಲ್ಲಿ ಇವತ್ತಿಗೂ ಫೈಬರ್ ಕೇಬಲ್ ಬರದಿರೋ ಮನೆ ಬೇಕಾದಷ್ಟಿವೆ, ಫೋನ್ ಮಾಡ್ಬೇಕಂದ್ರೂ ಅಂಗಳದ ಒಂದು ಮೂಲೆಗೇ ಹೋಗಿ ನಿಲ್ಲಬೇಕು. ಅಂಥ ಮನೇಲಿರೋ ಅಪ್ಪ ಅಮ್ಮ ತಮಗೆ ಬೇಕಾದ ತಾಳಮದ್ದಲೆ, ದಾಸರ ಪದ, ಭಾವಗೀತೆ ಕೇಳೋಕೆ ಮಕ್ಕಳು ಊರಿಗೆ ಬರೋವರೆಗೂ ಕಾಯೋ ಹಾಗಾಗಬಾರದು ಅನ್ನೋದು ನನ್ನ ಆಸೆ, ಹಾಗಾಗಿ ಈ ಗೈಡ್ ಅವರನ್ನ ಮನಸಲ್ಲಿ ಇಟ್ಕೊಂಡೇ ಬರೀತಿದ್ದೀನಿ.

ಬೇಕಾಗೋ ಸಾಮಾನು ಕಮ್ಮಿ. ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, 2021ರಲ್ಲಿ 15 ಡಾಲರ್ ರೇಟಲ್ಲಿ ಬಂದ ಪುಟ್ಟ ಕಂಪ್ಯೂಟರ್ ಬೋರ್ಡ್ ಇದು, ನಮ್ಮಲ್ಲಿ ತೆರಿಗೆ ಅದು ಇದು ಸೇರಿ ಜಾಸ್ತಿ ಆಗತ್ತೆ. 512 ಎಂಬಿ ರ‍್ಯಾಮ್ ಇದೆ, ಹಾಡಿಗೆ ಧಾರಾಳ ಸಾಕು. ಹೆಸರು ಸರಿಯಾಗಿ ನೋಡಿ ತಗೊಳ್ಳಿ, 2 ಇಲ್ಲದ ಹಳೇ ಝೀರೋ ಡಬ್ಲ್ಯೂನಲ್ಲಿ 64 ಬಿಟ್ ಸಾಫ್ಟ್‌ವೇರ್ ಓಡಲ್ಲ. ಬೆಸುಗೆ ಹಾಕೋ ಅಭ್ಯಾಸ ಇಲ್ಲ ಅಂದ್ರೆ ಪಿನ್ನುಗಳನ್ನ ಮೊದಲೇ ಬೆಸುಗೆ ಹಾಕಿರೋದನ್ನೇ ಕೇಳಿ ತಗೊಳ್ಳಿ. ಮನೇಲಿ ಆಗ್ಲೇ ಪೈ 3 ಅಥವಾ 4 ಬಿದ್ದಿದ್ರೆ ಅದೂ ನಡಿಯತ್ತೆ. ಆಮೇಲೆ 16 ಅಥವಾ 32 ಜಿಬಿ ಮೆಮೊರಿ ಕಾರ್ಡ್, ಹಾಡಿಗೆ ಬೇರೆ ಪೆನ್‌ಡ್ರೈವ್, ಅದನ್ನ ಸಿಕ್ಕಿಸೋಕೆ ಮೈಕ್ರೋ ಯುಎಸ್‌ಬಿ ಓಟಿಜಿ ಕೇಬಲ್, 5 ವೋಲ್ಟ್ 2.5 ಆಂಪ್ ಅಡಾಪ್ಟರ್, ಮತ್ತೆ ಪಿಸಿಎಂ 5102 ಅನ್ನೋ ಡ್ಯಾಕ್ ಬೋರ್ಡ್, ಅಂದ್ರೆ ಡಿಜಿಟಲ್ ಹಾಡನ್ನ ಸ್ಪೀಕರಿಗೆ ಕೊಡೋ ಸಿಗ್ನಲ್ಲಾಗಿ ಬದಲಾಯಿಸೋ ಬೋರ್ಡು. ಝೀರೋ 2 ಡಬ್ಲ್ಯೂನಲ್ಲಿ ಹೆಡ್‌ಫೋನ್ ಜಾಕೇ ಇಲ್ಲ, ಅದಕ್ಕೆ ಈ ಡ್ಯಾಕ್ ಬೇಕೇ ಬೇಕು, ಪೈ 3, 4ರಲ್ಲಿ ಜಾಕ್ ಇದೆ ಆದ್ರೆ ಅದರ ಸೌಂಡು ಅಷ್ಟಕ್ಕಷ್ಟೇ, ತಂಬೂರಿ ನಿಧಾನಕ್ಕೆ ನುಡಿಯೋ ಕಡೆ ಹಿಂದೆ ಸುಯ್ ಅನ್ನೋದು ಕೇಳ್ತಾನೇ ಇರತ್ತೆ, ಹಾಗಾಗಿ ಯಾವ ಪೈ ಆದ್ರೂ ಡ್ಯಾಕ್ ಹಾಕೋದೇ ಒಳ್ಳೇದು. ಸ್ಪೀಕರಿಗೆ ಹೊಸದೇನೂ ಬೇಡ, ಆಕ್ಸ್ ಇನ್‌ಪುಟ್ ಇರೋ ಹಳೇ ಹೋಮ್ ಥಿಯೇಟರ್, ಟೇಪ್ ರೆಕಾರ್ಡರ್ ಏನಾದ್ರೂ ಅಟ್ಟದ ಮೇಲಿದ್ರೆ ಇಳಿಸಿ.

ಈಗ ವೈರಿಂಗ್. ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ಅದಕ್ಕೆ ನಿಧಾನಕ್ಕೆ ಓದಿ. ಡ್ಯಾಕಿನ ವಿಐಎನ್ ಪಿನ್ನನ್ನ ಪೈನ 2ನೇ ಪಿನ್ನಿಗೆ, ಅಂದ್ರೆ 5 ವೋಲ್ಟಿಗೆ ಹಾಕಿ. ಗ್ರೌಂಡು 6ನೇ ಪಿನ್ನಿಗೆ. ಬಿಸಿಕೆ ಅಂತ ಬರೆದಿರೋದು 12ಕ್ಕೆ, ಎಲ್‌ಸಿಕೆ 35ಕ್ಕೆ, ಡಿಐಎನ್ 40ಕ್ಕೆ. ಪಿನ್ ನಂಬರು ಎಣಿಸೋದು ಮೆಮೊರಿ ಕಾರ್ಡ್ ಇರೋ ತುದಿಯಿಂದ, ಒಂದು ಸಾಲಲ್ಲಿ ಬೆಸ ಸಂಖ್ಯೆ ಇನ್ನೊಂದು ಸಾಲಲ್ಲಿ ಸಮ ಸಂಖ್ಯೆ. ಎಸ್‌ಸಿಕೆ ಅಂತ ಇನ್ನೊಂದು ಪಿನ್ ಇರತ್ತೆ, ಅದು ಗ್ರೌಂಡಿಗೇ ಹೋಗ್ಬೇಕು, ಸುಮ್ನೆ ಗಾಳೀಲಿ ಬಿಟ್ರೆ ಸೌಂಡ್ ಬರಲ್ಲ ಇಲ್ಲಾ ಕೆಟ್ಟದಾಗಿ ಬರತ್ತೆ. ಕೆಲವು ಬೋರ್ಡಲ್ಲಿ ಎಸ್‌ಸಿಕೆ ಪಕ್ಕದಲ್ಲೇ ಎರಡು ಚುಕ್ಕೆ ಇರತ್ತೆ, ಒಂದು ಹನಿ ಸೀಸ ಬಿಟ್ಟು ಅವೆರಡನ್ನ ಸೇರಿಸಿದ್ರೂ ಅದೇ ಕೆಲಸ ಆಗತ್ತೆ.

ಬೋರ್ಡಿನ ಹಿಂದೆ ತಿರುಗಿಸಿ ನೋಡಿ. 1ರಿಂದ 4ರವರೆಗೆ ನಾಲ್ಕು ಜಾಗ ಇರತ್ತೆ, ಪ್ರತಿಯೊಂದಕ್ಕೂ ಒಂದ್ಕಡೆ ಎಚ್ ಇನ್ನೊಂದ್ಕಡೆ ಎಲ್, ಮಧ್ಯದ ಚುಕ್ಕೆಯನ್ನ ಯಾವುದಾದ್ರೂ ಒಂದು ಕಡೆಗೆ ಸೀಸದಿಂದ ಸೇರಿಸಿರ್ಬೇಕು. 1, 2, 4 ಎಲ್ ಕಡೆಗೆ, 3 ಮಾತ್ರ ಎಚ್ ಕಡೆಗೆ. ಆ 3ನೇದು ಮ್ಯೂಟ್ ಕಂಟ್ರೋಲು, ಅದು ಎಚ್‌ಗೆ ಸೇರಿಲ್ಲ ಅಂದ್ರೆ ಎಲ್ಲಾ ಸರಿ ಇದ್ರೂ ಬೋರ್ಡು ಮೂಕ. ಸಸ್ತಾ ಬೋರ್ಡುಗಳು ಎಷ್ಟೋ ಸಲ ಈ ನಾಲ್ಕೂ ಖಾಲಿ ಇರೋ ಹಾಗೇ ಬರತ್ತೆ, ಜನ ಸಾಫ್ಟ್‌ವೇರಲ್ಲಿ ತಪ್ಪು ಹುಡುಕ್ತಾ ಒಂದು ವಾರ ಕಳೀತಾರೆ, ಆದ್ರೆ ಆಗಿರೋದು ಇಷ್ಟೇ.

ಸಾಫ್ಟ್‌ವೇರಿಗೆ ನಾನು ಹೇಳೋದು ಮೂಡ್ ಆಡಿಯೋ. ಫ್ರೀ, ಒಳಗಡೆ ಎಂಪಿಡಿ ಅನ್ನೋ ಹಳೇ ಗಟ್ಟಿ ಪ್ಲೇಯರ್ ಇದೆ, ಸೆಟ್ಟಿಂಗ್ಸ್ ಎಲ್ಲಾ ಬ್ರೌಸರಲ್ಲೇ ಮಾಡ್ಬೋದು, ಕಮಾಂಡ್ ಟೈಪ್ ಮಾಡೋ ತಲೆನೋವಿಲ್ಲ. ಇದನ್ನ ಡೌನ್‌ಲೋಡ್ ಮಾಡೋಕೆ ಒಂದು ಸಲ ಮಾತ್ರ ಇಂಟರ್ನೆಟ್ ಬೇಕು, ಪೇಟೆಗೆ ಹೋದಾಗ್ಲೋ ನೆಂಟರ ಮನೇಲೋ ಮಾಡ್ಕೊಂಡ್ಬನ್ನಿ. ರಾಸ್ಪ್‌ಬೆರಿ ಪೈ ಇಮೇಜರ್ ಅನ್ನೋ ಪ್ರೋಗ್ರಾಮಿಂದ ಕಾರ್ಡಿಗೆ ಬರೀಬೇಕು, ಬರೆಯೋ ಮುಂಚೆ ಅದು ಸೆಟ್ಟಿಂಗ್ಸ್ ಕೇಳತ್ತೆ, ಅಲ್ಲಿ ಹೋಸ್ಟ್‌ನೇಮ್ ಮೂಡ್ (ಇಂಗ್ಲಿಷಲ್ಲಿ moode) ಅಂತ ಇಡಿ, ಯೂಸರ್ ನೇಮ್ ಪಾಸ್‌ವರ್ಡ್ ಕೊಡಿ, ವೈಫೈ ದೇಶ ಇಂಡಿಯಾ ಅಂತ ತಪ್ಪದೇ ಆರಿಸಿ, ದೇಶ ಹಾಕಿಲ್ಲ ಅಂದ್ರೆ ಪೈ ತನ್ನ ವೈಫೈಯನ್ನ ಆನ್ ಮಾಡೋದೇ ಇಲ್ಲ. ವೈಫೈ ಹೆಸರಿನ ಜಾಗದಲ್ಲಿ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿನ ಹೆಸರು ಪಾಸ್‌ವರ್ಡ್ ಕೊಡಿ, ಇದು ಸೆಟಪ್ ಮಾಡೋವಾಗಿಗೆ ಮಾತ್ರ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸಲ್ಲೇ ಇರ್ಬೇಕು, ಝೀರೋ 2 ಡಬ್ಲ್ಯೂಗೆ 5 ಗಿಗಾಹರ್ಟ್ಸ್ ಕಾಣ್ಸಲ್ಲ.

ಕಾರ್ಡ್ ಹಾಕಿ ಪವರ್ ಕೊಡಿ. ಪವರಿಗೆ ಒಂದು ಪೋರ್ಟ್, ಪೆನ್‌ಡ್ರೈವಿಗೆ ಇನ್ನೊಂದು ಪೋರ್ಟ್, ಎರಡೂ ಒಂದೇ ಥರ ಕಾಣತ್ತೆ, ಬೋರ್ಡ್ ಮೇಲೆ ಬರೆದಿರೋದು ನೋಡ್ಕೊಳ್ಳಿ. ಮೊದಲ್ನೇ ಸಲ ಸ್ವಲ್ಪ ಟೈಮ್ ತಗೊಳತ್ತೆ, ಆತುರ ಮಾಡಿ ಪವರ್ ಕೀಳ್ಬೇಡಿ. ಲ್ಯಾಪ್‌ಟಾಪನ್ನ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ಬ್ರೌಸರಲ್ಲಿ ಮೂಡ್ ಡಾಟ್ ಲೋಕಲ್ (moode.local) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಪ್ಲೇಯರ್ ಓಪನ್ ಆಗತ್ತೆ. ಆಡಿಯೋ ಸೆಟ್ಟಿಂಗ್ಸಲ್ಲಿ ಐ2ಎಸ್ ಡಿವೈಸ್ ಲಿಸ್ಟಿಂದ ಹೈಫೈಬೆರಿ ಡ್ಯಾಕ್ ಅಂತ ಇರೋ ಜೆನೆರಿಕ್ ಆಯ್ಕೆ ಮಾಡಿ ರೀಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ಡಬ್ಬದ ಸ್ವಂತ ಹಾಟ್‌ಸ್ಪಾಟಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಇಟ್ಟು ಸೇವ್ ಮಾಡಿ.

ಈಗ ಮೊಬೈಲ್ ಹಾಟ್‌ಸ್ಪಾಟ್ ಆಫ್ ಮಾಡಿ ಡಬ್ಬ ರೀಸ್ಟಾರ್ಟ್ ಮಾಡಿ. ಗೊತ್ತಿರೋ ವೈಫೈ ಯಾವ್ದೂ ಸಿಗ್ಲಿಲ್ಲ ಅಂದಾಗ ಅದು ತಾನೇ ಹಾಟ್‌ಸ್ಪಾಟ್ ಆಗತ್ತೆ, ನಮಗೆ ಬೇಕಾಗಿದ್ದೂ ಅದೇ. ಮನೆಯವರ ಫೋನಲ್ಲಿ ನೀವಿಟ್ಟ ಹೆಸರು ಕಾಣತ್ತೆ, ಸೇರಿಸಿ, ಬ್ರೌಸರಲ್ಲಿ 172.24.1.1 ಹಾಕಿ. ಹಳೇ ಆಂಡ್ರಾಯ್ಡ್ ಫೋನಲ್ಲಿ ಡಾಟ್ ಲೋಕಲ್ ಹೆಸರು ಓಪನ್ ಆಗಲ್ಲ, ಅದಕ್ಕೇ ನಂಬರ್ ಹಾಕೋದು ಸೇಫ್. ಆ ಪೇಜನ್ನ ಹೋಮ್ ಸ್ಕ್ರೀನಿಗೆ ಸೇರಿಸಿಬಿಟ್ರೆ ಅಮ್ಮನಿಗೆ ಅದೊಂದು ಆ್ಯಪ್ ಥರಾನೇ, ಒತ್ತಿದ್ರೆ ಹಾಡಿನ ಲಿಸ್ಟ್ ಬರತ್ತೆ.

ಒಂದು ಕಾಟ ಇದೆ. ಈ ವೈಫೈಲಿ ಇಂಟರ್ನೆಟ್ ಇಲ್ಲ ಅಂತ ಫೋನು ಕಂಡುಹಿಡಿದು "ಆದ್ರೂ ಕನೆಕ್ಟ್ ಆಗಿರ್ಬೇಕಾ" ಅಂತ ಕೇಳತ್ತೆ, ಹೌದು ಅಂತ ಕೊಟ್ಟು ಮತ್ತೆ ಕೇಳಬೇಡ ಅನ್ನೋದಕ್ಕೂ ಟಿಕ್ ಹಾಕಿ. ಇಲ್ಲಾಂದ್ರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಂಪ್ ಆಗತ್ತೆ, ಪೇಜ್ ಓಪನ್ ಆಗಲ್ಲ, ವಯಸ್ಸಾದವರು ಡಬ್ಬ ಹಾಳಾಯ್ತು ಅಂದ್ಕೋತಾರೆ. ಹಾಗಾದಾಗ ಡೇಟಾ ಆಫ್ ಮಾಡಿ ನೋಡೋದನ್ನ ಅವರಿಗೆ ಹೇಳಿಕೊಡಿ, ಕಾಲ್ ಬರೋದಕ್ಕೆ ಅದರಿಂದ ಏನೂ ತೊಂದ್ರೆ ಇಲ್ಲ.

ಹಾಡು ತುಂಬಿಸೋ ವಿಷ್ಯ. 320 ಕೆಬಿಪಿಎಸ್ ಕ್ವಾಲಿಟಿಯ ಎಂಪಿ3 ಗಂಟೆಗೆ 144 ಎಂಬಿ ತಿನ್ನತ್ತೆ, ಅಂದ್ರೆ 64 ಜಿಬಿ ಪೆನ್‌ಡ್ರೈವಲ್ಲಿ 440 ಗಂಟೆ ಹತ್ರ ಹಿಡಿಯತ್ತೆ, ತಾಳಮದ್ದಲೆ ಥರ ಬರೀ ಮಾತಿನ ರೆಕಾರ್ಡಿಂಗಿಗೆ 128 ಸಾಕು, ಆಗ ಜಾಗ ಇನ್ನೂ ಉಳಿಯತ್ತೆ. ಸ್ಟ್ರೀಮಿಂಗ್ ಆ್ಯಪಲ್ಲಿ ಆಫ್‌ಲೈನ್ ಡೌನ್‌ಲೋಡ್ ಮಾಡಿರೋ ಹಾಡನ್ನ ಕಾಪಿ ಮಾಡ್ಬೋದಾ ಅಂತ ಎಲ್ರೂ ಕೇಳ್ತಾರೆ, ಆಗಲ್ಲ, ಅದಕ್ಕೆ ಬೀಗ ಹಾಕಿರ್ತಾರೆ, ಆ ಆ್ಯಪಲ್ಲೇ ಓಡ್ಬೇಕು. ನೀವು ದುಡ್ಡು ಕೊಟ್ಟು ಫೈಲಾಗಿ ತಗೊಂಡಿರೋದು, ಮನೆಯ ಸಿಡಿ, ಕ್ಯಾಸೆಟ್ಟು, ಊರ ಮೇಳದಲ್ಲಿ ನೀವೇ ರೆಕಾರ್ಡ್ ಮಾಡಿರೋದು ಇವೆಲ್ಲ ಹಾಕಿ. ಕ್ಯಾಸೆಟ್ ಇದ್ರೆ ಟೇಪ್ ರೆಕಾರ್ಡರಿನ ಹೆಡ್‌ಫೋನ್ ಔಟನ್ನ ಲ್ಯಾಪ್‌ಟಾಪಿಗೆ ಕೊಟ್ಟು ಅಡಾಸಿಟಿ ಅನ್ನೋ ಫ್ರೀ ರೆಕಾರ್ಡಿಂಗ್ ಪ್ರೋಗ್ರಾಮಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಬೂಷ್ಟು ಹಿಡಿದು ಪೂರ್ತಿ ಹೋಗೋ ಮುಂಚೆ ಈ ಕೆಲಸ ಆಗ್ಲೇಬೇಕು, ಅಜ್ಜಂದಿರ ಕಾಲದ ಎಷ್ಟೋ ಅರ್ಥಗಾರಿಕೆ ಬೇರೆಲ್ಲೂ ಇಲ್ಲ, ಇಂಥ ಕ್ಯಾಸೆಟ್ಟಲ್ಲಷ್ಟೇ ಉಳಿದಿದೆ.

ಫೋಲ್ಡರ್ ಹೆಸರು ಕನ್ನಡದಲ್ಲೇ ಇಡಿ, ಮೂಡ್ ಅದನ್ನ ಸರಿಯಾಗೇ ತೋರಿಸತ್ತೆ. ಹಳೇ ಎಂಪಿ3ಗಳ ಒಳಗಡೆ ಟ್ಯಾಗಲ್ಲಿ ಟ್ರ್ಯಾಕ್ 01 ಅಂತ ಇಲ್ಲಾ ಯಾವ್ದೋ ವೆಬ್‌ಸೈಟಿನ ಹೆಸರು ತುಂಬಿರತ್ತೆ, ಅದನ್ನ ಎಂಪಿ3ಟ್ಯಾಗ್ ಅನ್ನೋ ಫ್ರೀ ಪ್ರೋಗ್ರಾಮಲ್ಲಿ ಒಟ್ಟೊಟ್ಟಿಗೆ ಸರಿ ಮಾಡ್ಬೋದು. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಫೋಲ್ಡರ್ ವ್ಯೂನಲ್ಲೇ ಬಳಸಿ. ಪೆನ್‌ಡ್ರೈವ್ ಸಿಕ್ಕಿಸಿದ್ಮೇಲೆ ಲೈಬ್ರರಿ ಅಪ್‌ಡೇಟ್ ಒಂದ್ಸಲ ಒತ್ತಿ.

ಸ್ಪೀಕರ್ ಜಗುಲೀಲಿದೆ, ಆದ್ರೆ ಅತ್ತೆಗೆ ತನ್ನ ಕೋಣೇಲಿ ಬೇರೇನೋ ಕೇಳ್ಬೇಕು ಅಂದ್ರೆ ಡಬ್ಬದ ಹಾಡನ್ನ ಬೇರೆ ಫೋನುಗಳಿಗೂ ಹಂಚೋ ಡಿಎಲ್‌ಎನ್‌ಎ ಸರ್ವರನ್ನ ಮೂಡಲ್ಲಿ ಆನ್ ಮಾಡಿ. ಆಗ ಅವರ ಫೋನಲ್ಲಿ ವಿಎಲ್‌ಸಿ ಆ್ಯಪ್ ತೆರೆದು ಲೋಕಲ್ ನೆಟ್‌ವರ್ಕ್ ನೋಡಿದ್ರೆ ಡಬ್ಬದ ಹಾಡುಗಳೆಲ್ಲ ಅಲ್ಲೇ ಸಿಗತ್ತೆ, ಇಯರ್‌ಫೋನಲ್ಲಿ ಕೇಳ್ಬೋದು. ಮೂರು ಜನ ಒಟ್ಟಿಗೆ 320ರಲ್ಲಿ ಕೇಳಿದ್ರೂ ಸೆಕೆಂಡಿಗೆ ಒಂದು ಮೆಗಾಬಿಟ್ ಅಷ್ಟೇ, ಈ ವೈಫೈಗೆ ಅದು ಲೆಕ್ಕಕ್ಕೇ ಇಲ್ಲ. ಐಫೋನ್ ಇದ್ರೆ ಏರ್‌ಪ್ಲೇ ಆನ್ ಮಾಡಿ, ಫೋನಲ್ಲಿರೋ ಹಾಡನ್ನ ಡಬ್ಬದ ಸ್ಪೀಕರಿಗೆ ಕಳಿಸ್ಬೋದು.

ಇನ್ನು ಡಬ್ಬ. ತಗಡಿನದ್ದು ಬೇಡ, ಸಿಗ್ನಲ್ ಒಳಗೇ ಸತ್ತುಹೋಗತ್ತೆ, ಪ್ಲಾಸ್ಟಿಕ್ ಅಥವಾ ಮರದ್ದು ಮಾಡಿ. ಮಲೆನಾಡಿನ ಮಣ್ಣಿನ ಗೋಡೆ, ಚಿರೆಕಲ್ಲಿನ ಗೋಡೆ ತುಂಬಾ ದಪ್ಪ, ಪೈನ ಆಂಟೆನಾ ಚಿಕ್ಕದು, ಹಾಗಾಗಿ ಮನೆ ಮಧ್ಯದಲ್ಲಿ ಎತ್ತರದ ಜಾಗದಲ್ಲಿಡಿ. ಮಳೆಗಾಲದಲ್ಲಿ ಆಫ್ ಮಾಡಿ ಮೂಲೆಗೆ ಹಾಕಿದ್ರೆ ಪಿನ್ನೆಲ್ಲ ಹಸಿರುಗಟ್ಟತ್ತೆ, ಅದರ ಬದ್ಲು ಯಾವಾಗ್ಲೂ ಆನ್ ಇಡಿ, ಅದರದ್ದೇ ಬಿಸಿಗೆ ಒಣಗಿರತ್ತೆ. ಎರಡು ವ್ಯಾಟ್ ಅಂತ ಹಿಡಿದ್ರೂ ತಿಂಗಳಿಗೆ ಒಂದೂವರೆ ಯೂನಿಟ್ ದಾಟಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಅಡಾಪ್ಟರನ್ನ ಪ್ಲಗ್ಗಿಂದಲೇ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಿಡಿಲು ಕೇಳಲ್ಲ.

ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿ ಇದ್ರೆ ಎಲ್‌ಎಂ 2596 ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್ ತೆಗೀಬೋದು. ಪೈಗೆ ಜೋಡಿಸೋ ಮುಂಚೆ ಮಲ್ಟಿಮೀಟರ್ ಇಟ್ಟು ಸ್ಕ್ರೂ ತಿರುಗಿಸಿ 5.1ಕ್ಕೆ ಸೆಟ್ ಮಾಡ್ಲೇಬೇಕು, ಹೊಸ ಕನ್ವರ್ಟರ್ ಎಷ್ಟು ವೋಲ್ಟಿಗೆ ಸೆಟ್ ಆಗಿ ಬಂದಿರತ್ತೋ ನಂಬೋ ಹಾಗಿಲ್ಲ. ಆಂಪ್ಲಿಫೈಯರೂ ಅದೇ ಬ್ಯಾಟರಿಯಿಂದ ಓಡ್ತಿದ್ರೆ ಸ್ಪೀಕರಲ್ಲಿ ಕುಂಯ್ ಅನ್ನೋ ಸದ್ದು ಬರಬಹುದು, ಆಕ್ಸ್ ವೈರ್ ಮಧ್ಯೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿದ್ರೆ ಹೋಗತ್ತೆ.

ಬೆಳಗ್ಗೆ 6ಕ್ಕೆ ತಾನಾಗೇ ಸುಪ್ರಭಾತ ಹಾಕ್ಬೇಕು ಅಂದ್ರೆ ಮೂಡಲ್ಲಿ ಕ್ಲಾಕ್ ರೇಡಿಯೋ ಇದೆ, ಆದ್ರೆ ಈ ಪೈ ಒಳಗೆ ಗಡಿಯಾರ ಇಲ್ಲ, ಇಂಟರ್ನೆಟ್ಟಿಂದ ಟೈಮ್ ನೋಡ್ಕೊಳ್ಳೋದು ಅದರ ಪದ್ಧತಿ, ಕರೆಂಟ್ ಹೋಗಿ ಬಂದ್ರೆ ಟೈಮ್ ಹಿಂದೆ ಬೀಳತ್ತೆ. ಡಿಎಸ್ 3231 ಅನ್ನೋ ಸಣ್ಣ ಬ್ಯಾಟರಿ ಗಡಿಯಾರ ಸೇರಿಸಿದ್ರೆ ಸರಿಹೋಗತ್ತೆ, ಬರೀ ಹಾಡು ಕೇಳೋರಿಗೆ ಅದು ಬೇಡ.

ಕರೆಂಟ್ ಪದೇ ಪದೇ ಹೋಗೋ ಕಡೆ ಮೆಮೊರಿ ಕಾರ್ಡೇ ಮೊದ್ಲು ಕೆಡೋದು, ಅದೂ ಲೈಬ್ರರಿ ಅಪ್‌ಡೇಟ್ ಆಗ್ತಿರೋವಾಗ ಹೋದ್ರೆ ಇನ್ನೂ ಕಷ್ಟ. ಹಾಗಾಗಿ ಎಲ್ಲಾ ಸರಿಯಾಗಿ ಓಡೋಕೆ ಶುರುವಾದ್ಮೇಲೆ ಮೆನುವಿಂದ ಶಟ್‌ಡೌನ್ ಮಾಡಿ, ಕಾರ್ಡ್ ತೆಗೆದು ಲ್ಯಾಪ್‌ಟಾಪಲ್ಲಿ ವಿನ್32 ಡಿಸ್ಕ್ ಇಮೇಜರಿಂದ ಪೂರ್ತಿ ಕಾಪಿ ತಗೊಳ್ಳಿ, ಅದನ್ನ ಅಷ್ಟೇ ಅಳತೆಯ ಅಥವಾ ದೊಡ್ಡ ಇನ್ನೊಂದು ಕಾರ್ಡಿಗೆ ಬರೆದು ಡಬ್ಬದ ಮುಚ್ಚಳದ ಒಳಗಡೆ ಟೇಪಲ್ಲಿ ಅಂಟಿಸಿಡಿ. ನೀವು ಬೆಂಗಳೂರಲ್ಲೋ ದುಬೈಲೋ ಇರೋವಾಗ ಕಾರ್ಡ್ ಕೈಕೊಟ್ರೆ ಫೋನಲ್ಲೇ ಅಪ್ಪನಿಗೆ ಹೇಳಿ ಕಾರ್ಡ್ ಬದಲಾಯಿಸಿದ್ರೆ ಸಾಕು, ಹಾಡೆಲ್ಲ ಪೆನ್‌ಡ್ರೈವಲ್ಲಿ ಹಾಗೇ ಇರತ್ತೆ.