ಗರ್ಭಪಾತದ ಚರ್ಚೆಯಲ್ಲಿ ತರ್ಕದೋಷ: ನಾನು ಕಂಡುಕೊಂಡ ದಾರಿ

ಗರ್ಭಪಾತವನ್ನು ಚರ್ಚೆಗಿಟ್ಟರೆ ಅದು ಜಗಳದಲ್ಲೇ ಮುಗಿಯುತ್ತದೆ ಎಂದು ಚರ್ಚಾಕೂಟಗಳನ್ನು ನಡೆಸುವ ಜೊತೆಯ ತರಬೇತುದಾರರು ಎಚ್ಚರಿಸಿದ್ದರು; ಮೊದಲ ಹತ್ತು ಹನ್ನೆರಡು ಕೂಟಗಳ ಮಟ್ಟಿಗೆ ಅವರ ಮಾತೇ ನಿಜವಾಯಿತು. ತರ್ಕದೋಷಗಳ, ಅಂದರೆ ವಾದ ಕಟ್ಟುವಾಗ ಆಗುವ ತಪ್ಪುಗಳ, ಹೆಸರುಳ್ಳ ಕಾರ್ಡುಗಳನ್ನು ಅಚ್ಚು ಹಾಕಿಸಲು ಸುಮಾರು ಒಂದು ತಿಂಗಳ ಸಂಬಳ ಸುರಿದಿದ್ದೆ. ಎದುರಾಳಿಯ ಮಾತು ಮುಗಿಯುವ ಮೊದಲೇ ಕಾರ್ಡು ಎತ್ತುವುದು ಎಲ್ಲರಿಗೂ ಚಟವಾಯಿತು. ವಾದದಲ್ಲಿ ದೋಷವಿದ್ದರೆ ತೀರ್ಮಾನವೂ ಸುಳ್ಳು ಎಂದುಕೊಳ್ಳುವ ಮತ್ತೊಂದು ದೋಷಕ್ಕೆ ಅವರೇ ಬಿದ್ದರು. ಆ ಹಣ ಮರಳಲಿಲ್ಲ.

ಆಮೇಲೆ ನಾನು ಪದಗಳ ಬೆನ್ನು ಹತ್ತಿದೆ. 'ಭ್ರೂಣಹತ್ಯೆ' ಎಂದು ಆರಂಭಿಸುವವರು ಸಾಧಿಸಬೇಕಾದುದನ್ನು ಪದದೊಳಗೇ ತುಂಬಿಕೊಂಡು ಬರುತ್ತಾರೆ. 'ಬರೀ ಜೀವಕೋಶಗಳ ಮುದ್ದೆ' ಎನ್ನುವವರು ಮಾಡುವುದೂ ಅದನ್ನೇ. 'ಗರ್ಭಪಾತ' ಎಂಬ ಪದ ತಾನಾಗಿ ಆದದ್ದಕ್ಕೂ ಮಾಡಿಸಿಕೊಂಡದ್ದಕ್ಕೂ ಸಲ್ಲುವುದರಿಂದ, ಪ್ರಕೃತಿಯೇ ಮಾಡುವುದನ್ನು ಮನುಷ್ಯರು ಮಾಡಿದರೆ ತಪ್ಪೇನು ಎಂಬ ವಾದ ಸಲೀಸಾಗಿ ನುಸುಳುತ್ತಿತ್ತು. ಹೆಚ್ಚು ಕಾಡಿದ್ದು 'ಮನುಷ್ಯ' ಎಂಬ ಪದ: ಮೊದಲ ವಾಕ್ಯದಲ್ಲಿ ಅದು ಮನುಷ್ಯಜಾತಿಯ ಜೀವಿ, ತೀರ್ಮಾನದ ಹೊತ್ತಿಗೆ ಬದುಕುವ ಹಕ್ಕುಳ್ಳ ವ್ಯಕ್ತಿ. 'ನವಕಂಬಲ'ದ ನವ ಹೊಸದೋ ಒಂಬತ್ತೋ ಎಂದು ನೈಯಾಯಿಕರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರಜ್ಞರು, ವಾಕ್ಛಲಕ್ಕೆ (ಪದದ ಅರ್ಥ ತಿರುಚಿ ವಾದಿಸುವುದಕ್ಕೆ) ಕೊಟ್ಟ ಉದಾಹರಣೆ ಇಲ್ಲಿ ಬಹುಮಟ್ಟಿಗೆ ಹೊಂದುತ್ತದೆ.

ಈಗ ನನ್ನ ಕೂಟದಲ್ಲಿ ದೋಷಗಳ ಹೆಸರು ಹೇಳುವಂತಿಲ್ಲ. ಎದುರು ಪಕ್ಷದ ವಾದವನ್ನು ಆ ಪಕ್ಷದವರೇ 'ಹೌದು, ನಾವು ಹೇಳಿದ್ದು ಇದನ್ನೇ' ಎಂದು ಒಪ್ಪುವಂತೆ ಒಂದು ಹಾಳೆಯಲ್ಲಿ ಬರೆದು ತೋರಿಸದೆ ಯಾರೂ ಖಂಡನೆಗೆ ಇಳಿಯುವಂತಿಲ್ಲ. ಆ ಹಾಳೆಯ ಮೇಲೆ ನಾನು ಕೇಳುವ ಪ್ರಶ್ನೆಗಳ ಕ್ರಮವನ್ನು ಮಾತ್ರ ಇಲ್ಲಿ ಬಿಟ್ಟುಕೊಡಲಾರೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಭ್ರೂಣ ವ್ಯಕ್ತಿಯೆಂದು ವಾದಕ್ಕಾಗಿ ಒಪ್ಪಿಕೊಂಡೇ ಗರ್ಭಪಾತವನ್ನು ಸಮರ್ಥಿಸುವ ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜುಡಿತ್ ಜಾರ್ವಿಸ್ ಥಾಮ್ಸನ್ ಅವರ 1971ರ ಪ್ರಬಂಧವನ್ನೂ, ವ್ಯಕ್ತಿಯೋ ಅಲ್ಲವೋ ಎಂಬ ಪ್ರಶ್ನೆಯನ್ನು ನೆಚ್ಚಿಕೊಳ್ಳದೆ, ಭ್ರೂಣ ಕಳೆದುಕೊಳ್ಳುವ ಭವಿಷ್ಯವನ್ನು ಮುಂದಿಟ್ಟು ಗರ್ಭಪಾತವನ್ನು ವಿರೋಧಿಸುವ ಅಲ್ಲಿನದೇ ತತ್ತ್ವಶಾಸ್ತ್ರಜ್ಞ ಡಾನ್ ಮಾರ್ಕ್ವಿಸ್ ಅವರ 1989ರ ಪ್ರಬಂಧವನ್ನೂ ಎದುರು ಪಕ್ಷಗಳ ಕೈಗೆ ಕೊಟ್ಟೆ. ಕಂಠಪಾಠದ ವಾದಗಳು ಅಂದೇ ನಿಂತವು. ಒಂದು ಗಂಟೆಯ ಕೂಟ ಮೂರು ಗಂಟೆ ನಡೆಯಿತು.

ಈವರೆಗೆ ನಲವತ್ತರಷ್ಟು ಕೂಟಗಳಾಗಿರಬೇಕು. ಕೊನೆಯ ಇಪ್ಪತ್ತರಲ್ಲಿ ಒಬ್ಬರೂ ಎದ್ದು ಹೋಗಿಲ್ಲ, ಅಂದು ಅನುಮಾನಿಸಿದವರೇ ಇಂದು ನನ್ನ ಹಾಳೆಯ ಪ್ರತಿ ಕೇಳುತ್ತಾರೆ. ಒಂಬತ್ತು ತಿಂಗಳ ನಡುವೆ ಎಲ್ಲಿಯೂ ಖಚಿತ ಗೆರೆ ಎಳೆಯಲಾಗದು, ಆದ್ದರಿಂದ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ವ್ಯತ್ಯಾಸವೇ ಇಲ್ಲ ಎಂಬ ವಾದವೊಂದು ಮಾತ್ರ ಈ ವಿಧಾನಕ್ಕೆ ಇನ್ನೂ ಪೂರ್ತಿ ಬಗ್ಗಿಲ್ಲ. ಮುಂದಿನ ಕೂಟವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ.