ಹುಬ್ಬಳ್ಳಿಯಲ್ಲೇ ಪ್ಯಾಕ್ಸ್3 ಫಿಶ್: ನನ್ನ ಅನುಭವ

"ಸುಮ್ನೆ ರೊಕ್ಕಾ ಹಾಳು ಮಾಡ್ಕೋಬ್ಯಾಡ್ರಿ ಡಾಕ್ಟರ, ಬ್ಲಾಕ್ ಮುಂಬೈಗೆ ಕಳಿಸಿಬಿಡ್ರಿ" ಅಂತ ನಮ್ಮ ಹಿರಿಯರು ಬುದ್ಧಿ ಹೇಳಿದ್ದರು, ಪ್ಯಾಕ್ಸ್3 ಜೀನಿನ ಫಿಶ್ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ ಮಾಡ್ತೀನಿ ಅಂದಾಗ. ಫಿಶ್ ಅಂದರೆ ಹೊಳೆಯೋ ಬಣ್ಣದ ಪ್ರೋಬ್ ಅಂಟಿಸಿ ಜೀನ್ ಒಡೆದಿದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡೋದು; ಬ್ಲಾಕ್ ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು. ಅವರ ಮಾತಲ್ಲೂ ಅರ್ಥ ಇದೆ. ನಮ್ಮ ಕಡೆ ತಲೆ-ಕತ್ತಿನ ಗಡ್ಡೆ ಅಂದರೆ ಗುಟ್ಕಾದಿಂದ ಬರೋ, ಬಾಯಿ-ಗಂಟಲ ಒಳಪದರದ ಸ್ಕ್ವೇಮಸ್ ಕಾರ್ಸಿನೋಮಾನೇ ಜಾಸ್ತಿ, ಸ್ನಾಯು-ಎಲುಬಿನಂಥ ಅಂಗಾಂಶದ ಸಾರ್ಕೋಮಾ ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಆದರೆ ಹಲವು ಜೀನ್ ಒಟ್ಟಿಗೆ ನೋಡೋ ಪ್ಯಾನೆಲ್‌ಗೆ ಹೊರಗೆ ಕಳಿಸಿದರೆ 25-30 ಸಾವಿರ. ಗದಗ ಕಡೆಯ ಒಕ್ಕಲಿನ ಮನೆಯವರು ಎಲ್ಲಿಂದ ತರಬೇಕು?

ಕೇಸು ಹೀಗಿತ್ತು. ಐವತ್ತರ ಆಸುಪಾಸಿನ ಹೆಣ್ಣುಮಗಳು, ಮೂಗಿನ ಮೇಲ್ಭಾಗದಲ್ಲಿ ಗಡ್ಡೆ. ಸ್ಪಿಂಡಲ್ ಸೆಲ್ (ಕದಿರಿನ ಆಕಾರದ ಕೋಶಗಳು), ನರದ ಗುರುತಾದ ಎಸ್100 ಅಲ್ಲಲ್ಲಿ ಪಾಸಿಟಿವ್, ಸ್ನಾಯುವಿನ ಗುರುತಾದ ಎಸ್‌ಎಂಎ ಪಾಸಿಟಿವ್, ನರದ ಇನ್ನೊಂದು ಗುರುತು ಸಾಕ್ಸ್10 ನೆಗೆಟಿವ್. ಹೊರಗಿನ ರಿಪೋರ್ಟ್ ನರದ ಹೊದಿಕೆಯ ಕ್ಯಾನ್ಸರ್, ಅಂದರೆ ಎಂಪಿಎನ್‌ಎಸ್‌ಟಿ ಅಂದಿತ್ತು, ಕಿಮೋ ಮಾತೂ ನಡೆದಿತ್ತು. ನನಗೆ ಮೂಗು-ಸೈನಸ್ಸಿನಲ್ಲಿ ನಿಧಾನಕ್ಕೆ ಬೆಳೆಯೋ, ನರ-ಸ್ನಾಯು ಎರಡರ ಗುಣವೂ ಇರೋ ಬೈಫೀನೋಟೈಪಿಕ್ ಸೈನೋನೇಸಲ್ ಸಾರ್ಕೋಮಾ ಅಂತ ಗುಮಾನಿ. 2012ರಲ್ಲಿ ಮೊದಲ ಸಲ ವಿವರಿಸಿದ ಗಡ್ಡೆ ಇದು, ಪ್ಯಾಕ್ಸ್3-ಮ್ಯಾಮ್‌ಎಲ್3 ಫ್ಯೂಷನ್ (ಎರಡು ಜೀನ್ ಒಡೆದು ಕೂಡಿಕೊಳ್ಳೋದು) ಗೊತ್ತಾಗಿದ್ದು 2014ರಲ್ಲಿ.

ಬ್ರೇಕ್-ಅಪಾರ್ಟ್ ಪ್ರೋಬ್ ತರಿಸಿದೆ. ಅದು ಜೀನಿನ ಎರಡು ಬದಿಗೆ ಕೆಂಪು, ಹಸಿರು ಬಣ್ಣ ಹಚ್ಚುತ್ತೆ; ಜೀನ್ ಗಟ್ಟಿ ಇದ್ದರೆ ಎರಡೂ ಕೂಡಿ ಹಳದಿ, ಒಡೆದರೆ ಬೇರೆ ಬೇರೆ. ವಯಲ್‌ಗೆ ನಲವತ್ತೈದು ಸಾವಿರದ ಹತ್ತಿರ. ಮೊದಲ ಸ್ಲೈಡು ಪೂರ್ತಿ ಕತ್ತಲು. ಎರಡನೆಯದೂ ಅಷ್ಟೇ. ಟೆಕ್ನಿಶಿಯನ್ "ಇದು ಆಗಂಗಿಲ್ರಿ ಸರ್" ಅಂದುಬಿಟ್ಟ. ಪ್ರೋಬ್ ಕೆಟ್ಟಿದೆ ಅಂತ ಕಂಪನಿಯವರ ಜೊತೆ ಜಗಳ ಆಡೋ ಮೊದಲು ಬ್ಲಾಕಿನ ಜಾತಕ ತೆಗೆಸಿದೆ. ಮೂಗಿನ ಎಲುಬಿನ ಚೂರು ಇತ್ತು ಅಂತ ಅದನ್ನ ಮೆತ್ತಗಾಗಿಸೋಕೆ ಇಡೀ ಪೀಸನ್ನು ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿದ್ದರು. ಫಾರ್ಮಲಿನ್‌ಗೂ (ಚೂರು ಕೆಡದಂತೆ ಇಡೋ ದ್ರಾವಣ) ಆಮ್ಲ ತಡೆಯೋ ಬಫರ್ ಇಲ್ಲ, ನಲ್ಲಿ ನೀರು ಬೆರೆಸಿದ್ದು. ಡಿಎನ್‌ಎ ಉಳಿಯೋದಾದರೂ ಹೇಗೆ?

ಪುಣ್ಯಕ್ಕೆ ಮರು ಆಪರೇಷನ್ ಇತ್ತು. ಸರ್ಜನ್‌ಗೆ ಬಫರ್ಡ್ ಫಾರ್ಮಲಿನ್ ಕ್ಯಾನ್ ನಾನೇ ಮುಟ್ಟಿಸಿದೆ. ಮೆತ್ತಗಿನ ಚೂರು ಬೇರೆ ಡಬ್ಬಿಗೆ, ಎಲುಬು ಇಡಿಟಿಎಗೆ, ಅದು ಡಿಎನ್‌ಎ ಹಾಳು ಮಾಡದೆ ನಿಧಾನಕ್ಕೆ ಸುಣ್ಣ ತೆಗೆಯೋ ದ್ರಾವಣ. ಇಡಿಟಿಎ ಅಂದರೆ ವಾರಗಟ್ಟಲೆ, ಅದಕ್ಕೆ ಬೈಸಿಕೊಂಡೆ ಕೂಡ. ನಾಲ್ಕು ಮೈಕ್ರಾನ್ ಸೆಕ್ಷನ್, ಪ್ರೋಬ್ ಹತ್ತು ಮೈಕ್ರೋಲೀಟರ್ ಬದಲು ಸಣ್ಣ ದುಂಡು ಕವರ್‌ಸ್ಲಿಪ್ ಕೆಳಗೆ ಮೂರು-ನಾಲ್ಕೇ. ಒಂದು ವಯಲ್ ಎರಡೂವರೆ ಪಟ್ಟು ಬಂತು! ಸೀಲ್ ಮಾಡೋಕೆ ವಿದೇಶಿ ರಬ್ಬರ್ ಸಿಮೆಂಟ್ ತರಿಸದೆ ಸೈಕಲ್ ಪಂಕ್ಚರ್ ಸಲ್ಯೂಷನ್ ಹಚ್ಚಿ ನೋಡಿದೆ. ವಾಸನೆ ಇದೆ, ಆದರೆ ಸಿಪ್ಪೆಯ ಹಾಗೆ ಎದ್ದು ಬರುತ್ತೆ. ಪ್ರೋಬ್ ಒಳಗಿಳಿಯೋಕೆ ಪ್ರೋಟೀನ್ ಕರಗಿಸೋ ಪೆಪ್ಸಿನ್ ಎಷ್ಟು ನಿಮಿಷ ಅಂತ ಇಲ್ಲಿ ಬರೆಯಲ್ಲ, ಅದಕ್ಕೆ ಬಹಳ ಸ್ಲೈಡ್ ಬಲಿ ಕೊಟ್ಟಿದ್ದೇನೆ. ಲ್ಯಾಬಿಗೆ ಬನ್ನಿ, ತೋರಿಸ್ತೀನಿ.

ಈ ಸಲ ಕಣ್ಣಿಟ್ಟರೆ ಹೆಚ್ಚಿನ ನ್ಯೂಕ್ಲಿಯಸ್‌ಗಳಲ್ಲಿ ಒಂದು ಹಳದಿ ಚುಕ್ಕಿ, ಪಕ್ಕದಲ್ಲಿ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ನೂರು ಎಣಿಸಿದ್ದರಲ್ಲಿ ಎಪ್ಪತ್ತರ ಮೇಲೆ ಒಡೆದಿದ್ದವು. ಪ್ಯಾಕ್ಸ್3 ಒಡೆದಿದೆ ಅಂತ ಗೊತ್ತಾಗುತ್ತೆ, ಯಾರ ಜೊತೆ ಕೂಡಿದೆ ಅಂತ ಅಲ್ಲ. ಅಲ್ವಿಯೋಲಾರ್ ರಾಬ್ಡೋ ಅನ್ನೋ ಉಗ್ರ ಸ್ನಾಯು ಕ್ಯಾನ್ಸರಿನಲ್ಲೂ ಪ್ಯಾಕ್ಸ್3 ಒಡೆಯುತ್ತೆ ಅಲ್ವಾ? ಆದರೆ ಅಲ್ಲಿ ಸ್ನಾಯುವಿನ ಪ್ರೋಟೀನ್ ಮಯೋಜೆನಿನ್ ತುಂಬಿ ತುಳುಕುತ್ತೆ, ಇಲ್ಲಿ ಅದರ ಸುಳಿವಿಲ್ಲ, ಮೈಟೋಸಿಸ್ಸೂ (ಕೋಶ ವಿಭಜನೆ) ಹುಡುಕಬೇಕು. ಕಿಮೋ ಮಾತು ಅಲ್ಲಿಗೇ ನಿಂತಿತು. ಈಗ ಬರೀ ಫಾಲೋ-ಅಪ್.

ಇದೇ ಹುರುಪಿನಲ್ಲಿ ಸಾಲಿಟರಿ ಫೈಬ್ರಸ್ ಟ್ಯೂಮರ್ ಅನ್ನೋ ಇನ್ನೊಂದು ಗಡ್ಡೆಗೂ ಫಿಶ್ ಮಾಡೋಣ ಅಂತ ಯಾರಾದರೂ ಹೊರಟರೆ ಬೇಡ. ಅದರಲ್ಲಿ ಕೂಡಿಕೊಳ್ಳೋ ಜೀನ್‌ಗಳಾದ ನ್ಯಾಬ್2, ಸ್ಟ್ಯಾಟ್6 ಎರಡೂ 12ನೇ ಕ್ರೋಮೋಸೋಮ್‌ನಲ್ಲಿ ಅಂಟಿಕೊಂಡೇ ಇವೆ, ಒಡೆದರೂ ಕಾಣಲ್ಲ. ಸ್ಟ್ಯಾಟ್6 ಆಂಟಿಬಾಡಿ ಸಾಕು.

ಮುಂದೆ ಇಡಬ್ಲ್ಯುಎಸ್‌ಆರ್1 ಜೀನಿನ ಪ್ರೋಬ್ ತರಿಸಬೇಕು. ದವಡೆಯದೊಂದು ಕೇಸು ಕಾಯ್ತಿದೆ, ಕೆರಟಿನ್ನೂ ಎಎಲ್‌ಕೆಯೂ ಪಾಸಿಟಿವ್ ಇರೋ ರಾಬ್ಡೋ, ಇಂಥದ್ದರಲ್ಲಿ ಆ ಜೀನ್ ಒಡೆದಿರಬಹುದು. ಧಾರವಾಡ, ಹಾವೇರಿಯವರು ಅರ್ಧ ದುಡ್ಡು ಹಾಕೋದಾದರೆ ವಯಲ್ ಹಂಚಿಕೊಳ್ಳೋಣ, ಎಕ್ಸ್‌ಪೈರಿ ಒಳಗೆ ನಾನೊಬ್ಬನೇ ಖಾಲಿ ಮಾಡೋಕಾಗಲ್ಲ.